ಚೆನ್ನಾಗಿ ಬಂದ ಆವಿಗೆಯ ವಿಚಾರಣೆ

ಮೇಂಗ್ ಪಂದೊಲ್ ಒಮ್ಮೆ ಕೆಮ್ಮಿದರೆ ಕೊಲ್ಲಿಯ ಆಚೆ ದಡದಲ್ಲಿ ಕಟ್ಟಿದ ದೋಣಿಯ ಹಗ್ಗ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ. ಬಿಚ್ಚಿಕೊಂಡದ್ದನ್ನು ಕಣ್ಣಾರೆ ಕಂಡ ಇಬ್ಬರು ಇನ್ನೂ ಬದುಕಿದ್ದಾರೆ. ಅವರಲ್ಲಿ ಒಬ್ಬನಿಗೆ ಹುಟ್ಟಿನಿಂದ ಕಣ್ಣು ಕಾಣದು, ಅಷ್ಟೆ.

ಜೊಮ್ಮಾಲ್ ಎಂಬ ಕುಂಬಾರರ ಹಳ್ಳಿಯಲ್ಲಿ ಅವನು ಬೆಂಕಿಯ ಯಜಮಾನ. ಪ್ಲಾಸ್ಟಿಕ್ ಡಬ್ಬಿಗಳಿನ್ನೂ ಆ ಕಡೆ ಕಾಲಿಡದ ಕಾಲ. ಸೋಯಾ ರಸಕ್ಕೆ, ಕಿಮ್ಚಿ ಎಂಬ ತರಕಾರಿ ಉಪ್ಪಿನಕಾಯಿಗೆ, ಉಪ್ಪುಮೀನಿಗೆ ಎಲ್ಲದಕ್ಕೂ ಜೊಮ್ಮಾಲಿನ ಗುಡಾಣಗಳೇ ಆಗಬೇಕು. ಗುಡ್ಡದ ಇಳಿಜಾರಿನಲ್ಲಿ ಘಟಸರ್ಪದಂತೆ ಮೈಚಾಚಿ ಮಲಗಿದ್ದ, ಮಡಕೆ ಸುಡುವ ಅಲ್ಲಿನ ಆವಿಗೆ ಎಷ್ಟು ಉದ್ದವಿತ್ತೆಂದರೆ, ಬುಡದಲ್ಲಿ ಬೆಂಕಿ ಹಚ್ಚಿದವನಿಗೆ ತುದಿಯ ಹೊಗೆ ಕಾಣುವ ಹೊತ್ತಿಗೆ ಮೊಮ್ಮಕ್ಕಳಾಗಿರುತ್ತಿದ್ದರು. ವರ್ಷಕ್ಕೆ ಎರಡೇ ಸಲ, ಹಿಮ ಕರಗಿದ ವಸಂತದಲ್ಲಿ ಒಮ್ಮೆ, ಬೆಳೆ ಕೊಯ್ದ ಶರತ್ಕಾಲದಲ್ಲಿ ಒಮ್ಮೆ, ನಾಲ್ಕು ಮನೆಯವರು ಸೇರಿ ಅದನ್ನು ತುಂಬಿ ಸುಡುತ್ತಿದ್ದರು. ಪಂದೊಲ್ ಹೊಗೆಯ ಬಣ್ಣ ನೋಡಿಯೇ ಒಳಗಿನ ಇನ್ನೂರು ಗುಡಾಣಗಳಲ್ಲಿ ಯಾವುದಕ್ಕೆ ಸೆಕೆ, ಯಾವುದಕ್ಕೆ ಚಳಿ ಎಂದು ಹೇಳುತ್ತಿದ್ದ.

ಆದರೆ ಅವನಿಗೆ ಮೀಸೆ ತಿರುವುವಷ್ಟು ಹೆಮ್ಮೆಯಿದ್ದದ್ದು ಬೆಂಕಿಯ ಬಗ್ಗೆಯಲ್ಲ, ವಿಚಾರಣೆಯ ಬಗ್ಗೆ.

ಬೆಂಕಿ ಹಚ್ಚುವ ಏಳು ದಿನ ಮೊದಲಿನಿಂದ ನಾಲ್ಕು ಮನೆಗೂ ಮಡಿ. ಸಾವಿನ ಮನೆಗೆ ಹೋಗಬಾರದು, ಬಾಣಂತಿ ಮನೆಗೆ ಹೋಗಬಾರದು, ಜಗಳ ಕೂಡದು, ಕೋಳಿ ಕೊಯ್ಯಕೂಡದು, ಹೆಂಗಸರು ಆವಿಗೆಯ ಮುಂದೆ ತಲೆ ಬಾಚಕೂಡದು. ಗುಡಾಣಗಳು ಒಡೆದು ಬಂದವೋ, ಯಾರೋ ಮಡಿ ಕೆಡಿಸಿದ್ದಾರೆಂದೇ ಅರ್ಥ. ಆಗ ಪಂದೊಲ್ ಬೋರಲು ಹಾಕಿದ ಗುಡಾಣದ ಮೇಲೆ ಕೂತು, ಮೊಳದುದ್ದದ ಚಿಲುಮೆ ಹಚ್ಚಿ, ಹುಬ್ಬು ಗಂಟಿಕ್ಕಿದನೆಂದರೆ ಚಿಲುಮೆ ಆರುವುದರೊಳಗೆ ತಪ್ಪಿತಸ್ಥ ಸಿಕ್ಕಿಬೀಳುತ್ತಿದ್ದ. ಮೂವತ್ತೊಂದು ವರ್ಷ, ಒಮ್ಮೆಯೂ ಬರಿಗೈಯಲ್ಲಿ ಎದ್ದವನಲ್ಲ.

ಆ ವಸಂತದಲ್ಲಿ ಮೂರಕ್ಕೊಂದು ಗುಡಾಣ ಒಡೆದಿತ್ತು. ಪಂದೊಲ್ ಕೂತ. ಹುಬ್ಬುಗಳು ಒಂದಕ್ಕೊಂದು ಕೊಂಬು ತಾಗಿಸಿದವು.

"ಯಾರು? ಯಾರು ಏನು ಮಾಡಿದ್ರಿ? ಬಾಯಿ ಬಿಡಿ!"

ಕೇಳುವ ಮೊದಲೇ ಎರಡನೇ ಮನೆಯ ಚಿಲ್ಗು ಕಿವಿ ಹಿಡಿದುಕೊಂಡಿದ್ದ. ಮೂವತ್ತೊಂದು ವರ್ಷದಲ್ಲಿ ಹನ್ನೊಂದು ಸಲ ಸಿಕ್ಕಿಬಿದ್ದವನು ಅವನೇ. ಗುಡಾಣಗಳೂ ಹೆಚ್ಚಾಗಿ ಅವನವೇ ಒಡೆಯುತ್ತಿದ್ದವು.

"ಅಣ್ಣಾ, ತಾಯಾಣೆಗೂ ಈ ಸಲ ಕುಡೀಲಿಲ್ಲ."

"ಕುಡೀದೆ ಇದ್ರೆ ನಿನ್ನ ಮುಖ ಯಾಕೋ ಹೀಗಿದೆ?"

"ಕುಡೀದೆ ಇದ್ದಿದ್ದಕ್ಕೇ ಅಣ್ಣಾ."

ಮೂರನೇ ಮನೆಯ ಮಾನ್‌ಶಿಕ್ ಗಂಟಲು ಸರಿಮಾಡಿಕೊಂಡ. ಅವನು ನಿಧಾನದ ಮನುಷ್ಯ. ಬೇಸಿಗೆಯಲ್ಲಿ ಆರಂಭಿಸಿದ ಆಕಳಿಕೆಯನ್ನು ಮೊದಲ ಹಿಮ ಬೀಳುವಾಗ ಮುಗಿಸುತ್ತಿದ್ದ. "ಬೆಂಕಿ ಹಚ್ಚಿದ ದಿವ್ಸ... ಒಕ್ಬುನ್ ಬೆಂಕಿಬಾಯಿ ಮುಂದೆ ಕೂತ್ಕೊಂಡು... ತಲೆ ಬಾಚ್ತಿದ್ಲು."

ಎಲ್ಲರೂ ಉಸಿರುಬಿಟ್ಟರು. ಪಂದೊಲನಿಗಂತೂ ಬಾಯಿಗೆ ಸಕ್ಕರೆ ಹಾಕಿದಂತಾಯಿತು. ನಾಲ್ಕನೇ ಮನೆಯ ಒಕ್ಬುನ್ ಗಂಡನನ್ನು ಕಳೆದುಕೊಂಡು ಎರಡು ಚಳಿಗಾಲವಾಗಿತ್ತು. ಅವಳು ಅಳುತ್ತ ಕೂರಲಿಲ್ಲ, ಗಂಡನ ತಿಗರಿಯ ಮುಂದೆ ಕೂತಳು. ಆ ಆವಿಗೆಯೊಳಗೆ ಹೆಂಗಸಿನ ಕೈಯ ಗುಡಾಣ ಹೋದದ್ದು ಅದೇ ಮೊದಲು. ಅವನ್ನು ಒಳಗಿಡುವಾಗಲೇ ಪಂದೊಲ್ ಮನಸ್ಸಿನಲ್ಲಿ 'ನೋಡ್ತಾ ಇರಿ' ಅಂದುಕೊಂಡಿದ್ದ. ಈಗ ನೋಡಿಯಾಗಿತ್ತು.

"ಬಾಚ್ಕೊಂಡೆ ಭಾವ. ಕೂದ್ಲಲ್ಲಿ ಬೂದಿ ತುಂಬಿತ್ತು," ಅಂದಳು ಒಕ್ಬುನ್. ಗಂಡ ಪಂದೊಲನನ್ನು ಅಣ್ಣ ಅನ್ನುತ್ತಿದ್ದ, ಹಾಗಾಗಿ ಇವಳಿಗೆ ಭಾವ.

"ಆದ್ರೆ ಅಣ್ಣಾ, ಅವಳದು ಒಂದೂ ಒಡೆದಿಲ್ಲ," ಅಂದ ಚಿಲ್ಗು.

"ಅದೇ ಮತ್ತೆ! ತನ್ನದು ಉಳಿಸ್ಕೊಂಡು ಊರಿನವರದ್ದು ಒಡೆಸಿದಾಳೆ."

"ಅವಳದೇ ಒಡೆದಿದ್ರೆ?"

"ಅವಳಿಂದಲೇ ಶುರುವಾಯ್ತು ಅಂತಿದ್ದೆ!"

ಒಕ್ಬುನ್ ಅವನತ್ತ ತಿರುಗಿದಳು. "ಹಂಗಾದ್ರೆ ಭಾವ, ನನ್ನ ಗುಡಾಣ ಏನಾಗಿದ್ರೆ ನಾನು ತಪ್ಪು ಮಾಡಿಲ್ಲ ಅಂತಿದ್ರಿ?"

ಚಿಲುಮೆ ಪಂದೊಲನ ಬಾಯಲ್ಲೇ ಆರಿಹೋಯಿತು. ಅಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಅದೆಲ್ಲ ನಿನಗ್ಯಾಕೆ?" ಎಂದು ಗದರಿ ತೀರ್ಪು ಕೊಟ್ಟ: ಇನ್ನು ಮೇಲೆ ಒಕ್ಬುನಳ ಗುಡಾಣ ಆವಿಗೆಯೊಳಗೆ ಹೋಗಕೂಡದು.

ಆವಿಗೆಯಿಲ್ಲದ ಕುಂಬಾರಗಿತ್ತಿ ಹಸಿ ಮಡಕೆ ಮಾಡಿ ಮಳೆಗೆ ಇಡಬೇಕಷ್ಟೆ. ತಿಗರಿ ಮಾರಿ, ಬಂದರಿನಲ್ಲಿರುವ ಅಕ್ಕನ ಮನೆಗೆ ಹೋಗಿ, ಬದುಕಿರುವವರೆಗೂ ಮೀನಿನ ಹೊಟ್ಟೆ ಸೀಳುತ್ತ ಕೂರುವುದೊಂದೇ ಅವಳಿಗೆ ಉಳಿದ ದಾರಿ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಕ್ಬುನ್ ಅತ್ತು ಕರೆಯಲಿಲ್ಲ.

"ಆಯ್ತು ಭಾವ. ಈ ಶರತ್ಕಾಲಕ್ಕೆ ನನ್ನದು ಇಡಲ್ಲ. ಸೌದೆ ಹೊರ್ತೀನಿ. ಆದ್ರೆ ಒಂದು ಮಾತು ಕೊಡಿ. ಆವಿಗೆ ಚೆನ್ನಾಗಿ ಬಂದ್ರೆ, ಆವತ್ತೂ ಹೀಗೇ ಕೂತು ವಿಚಾರಣೆ ಮಾಡ್ಬೇಕು."

"ಚೆನ್ನಾಗಿ ಬಂದ್ರೆ ಏನು ವಿಚಾರಣೆ? ಯಾರಾದ್ರೂ ಹೊಟ್ಟೆ ತುಂಬಿದ ಮೇಲೆ ಹಸಿವು ಹುಡುಕ್ತಾರಾ?"

"ಮಡಿ ಕೆಡಿಸಿದವರು ಯಾರೂ ಸಿಗದೇ ಇದ್ರೆ ನಾನು ಬಂದರಿಗೆ ಹೊರಟೆ. ಸಿಕ್ಕಿದ್ರೆ ನನ್ನ ಗುಡಾಣ ಒಳಗೆ."

ಪಂದೊಲ್ ನಕ್ಕ. ಆ ನಗೆಗೆ ಬೆಟ್ಟದ ಮೇಲಿನ ಮಠದ ಗಂಟೆ ಒಂದು ಸಲ ಢಣ್ ಅಂದಿತು. "ಕೊಟ್ಟೆ ಮಾತು!"

ಬೇಸಿಗೆ ಕಳೆದು, ಪೇರ್ ಹಣ್ಣು ಬಲಿತು, ಶರತ್ಕಾಲ ಬಂತು. ಎಲ್ಲರೂ ಮಡಿ ಹಿಡಿದರು. ಬೆಂಕಿ ಹಚ್ಚುವ ಹಿಂದಿನ ದಿನ ಬೆಳಿಗ್ಗೆ ಪಂದೊಲನಿಗೆ ಸುದ್ದಿ ಮುಟ್ಟಿತು: ಬೆಟ್ಟದಾಚೆಯ ಹಳ್ಳಿಯಲ್ಲಿ ಅವನ ಬಾಲ್ಯದ ಗೆಳೆಯ ತೀರಿಕೊಂಡಿದ್ದ. ಚಿಕ್ಕಂದಿನಲ್ಲಿ ಒಂದೇ ಕಲ್ಲಂಗಡಿಯನ್ನು ಕದ್ದು ಒಂದೇ ದೊಣ್ಣೆಯಿಂದ ಏಟು ತಿಂದವರು. ಹೆಂಡತಿ ಮಾಲ್ಸುನಳಿಗೆ "ಪೈನ್ ಸೌದೆ ನೋಡ್ಕೊಂಡು ಬರ್ತೀನಿ" ಎಂದು ಹೇಳಿ ಹೊರಟ. ಸಾವಿನ ಮನೆಯಲ್ಲಿ ಎರಡು ಸಲ ಅಡ್ಡಬಿದ್ದು, ಕೆಂಪು ಮಾಂಸದ ಸಾರು ಉಂಡು, ಕಣ್ಣೊರೆಸಿಕೊಂಡು ವಾಪಸಾದ. ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಹಂದಿತಲೆ ನೈವೇದ್ಯ ಇಟ್ಟು ಬೆಂಕಿ ಹಚ್ಚಿದ ಕೈ ಅದೇ ಸೂತಕದ ಕೈ.

ಐದು ದಿನ ಆವಿಗೆ ಉರಿಯಿತು. ಪಂದೊಲನ ಮೈಯಿಂದ ಏಳು ಕೊಡ ಬೆವರು ಹರಿಯಿತು. ಅದರಲ್ಲಿ ಆರು ಕೊಡ ಬೆಂಕಿಯ ದೆಸೆಯಿಂದಲ್ಲ. ಆವಿಗೆ ತಣಿದು ಬಾಗಿಲು ಒಡೆಯುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಚಿಲ್ಗು ಒಳಗಿನಿಂದ ಕೂಗಿದ ಮೇಲೆಯೇ ತೆರೆದದ್ದು.

"ಅಣ್ಣೋ! ಇದು ಗುಡಾಣ ಅಲ್ಲ, ದೇವಲೋಕದ ಗಂಟೆಗಳು!"

ಬೆರಳಲ್ಲಿ ಬಡಿದರೆ ಒಂದೊಂದೂ ಕಂಚಿನಂತೆ ಹಾಡುತ್ತಿತ್ತು. ಇನ್ನೂರರಲ್ಲಿ ಒಡೆದದ್ದು ಎರಡು. ಅಂಥ ಆವಿಗೆ ಪಂದೊಲನ ಅಜ್ಜನ ಕಾಲದಲ್ಲೂ ಬಂದಿರಲಿಲ್ಲ, ಅಜ್ಜ ಬಂದಿತ್ತು ಎಂದು ಸುಳ್ಳು ಹೇಳುತ್ತಿದ್ದ ಅಷ್ಟೆ.

"ನೋಡಿದ್ರಾ, ಒಕ್ಬುನಳದು ಇಡ್ಲಿಲ್ಲ... ಹೆಂಗೆ ಬಂತು!" ಅಂದ ಮಾನ್‌ಶಿಕ್.

ಅಷ್ಟರಲ್ಲಿ ಒಕ್ಬುನ್ ಮಣೆ ತಂದು ಎದುರಿಗೆ ಹಾಕಿಕೊಂಡು ಕೂತಿದ್ದಳು. "ಶುರು ಮಾಡಿ ಭಾವ."

ಪಂದೊಲ್ ಬೋರಲು ಗುಡಾಣದ ಮೇಲೆ ಕೂತ. ಮುಖ ತುಂಬ ನಗು. "ಏನಪ್ಪಾ, ಯಾರೂ ಏನೂ ತಪ್ಪು ಮಾಡಿಲ್ಲ ತಾನೆ?"

"ಇಲ್ಲಣ್ಣ."

"ಇಲ್ಲ..."

"ಮುಗೀತು! ಮಾಲ್ಸುನ್, ಅಕ್ಕಿಹೆಂಡ ತಗೊಂಬಾ!"

"ಇದೇನು ವಿಚಾರಣೆನಾ, ಬೀಗರ ಕುಶಲ ಕೇಳೋದಾ?" ಒಕ್ಬುನ್ ಕೂತಲ್ಲಿಂದ ಕದಲಲಿಲ್ಲ. "ವಸಂತದಲ್ಲಿ 'ಯಾರು ಏನು ಮಾಡಿದ್ರಿ' ಅಂತ ಕೇಳಿದ್ರಿ. ಈಗ 'ಏನೂ ಮಾಡಿಲ್ಲ ತಾನೆ' ಅಂತೀರಿ. ಆವತ್ತಿನ ಚಿಲುಮೆ ಎಲ್ಲಿ? ಆ ಹುಬ್ಬೆಲ್ಲಿ? ನನ್ನ ಕಡೆ ನೋಡಿದ್ರಲ್ಲ, ಹಂಗೆ ನೋಡಿ ಎಲ್ಲರನ್ನೂ."

"ಏನೂಂದ್ರೆ, ಮಾತು ಕೊಟ್ಟಿದೀರಿ," ಅಂದಳು ಹೆಂಡದ ಕೊಡ ಹಿಡಿದು ಬಂದ ಮಾಲ್ಸುನ್. "ಹುಬ್ಬು ಗಂಟಿಕ್ಕೋದಕ್ಕೆ ಕಷ್ಟ ಏನು? ಮನೇಲಿ ದಿನಾ ಮಾಡ್ತೀರಲ್ಲ."

ಪಂದೊಲನಿಗೆ ರೋಷ ಬಂತು. ಚಿಲುಮೆ ಹಚ್ಚಿದ. ಹುಬ್ಬು ಗಂಟಿಕ್ಕಿದ. ಗುಡ್ಡದ ಮೇಲಿನ ಕಾಗೆಗಳೆಲ್ಲ ಒಂದೇ ಸಲ ಎದ್ದು ಹಾರಿದವು. "ಯಾರು? ಯಾರು ಏನು ಮಾಡಿದ್ರಿ? ಬಾಯಿ ಬಿಡಿ!"

ಅಭ್ಯಾಸಬಲ. ಚಿಲ್ಗುವಿನ ಕೈ ತಾನಾಗಿ ಕಿವಿಗೆ ಹೋಯಿತು. "ಕುಡಿದೆ ಅಣ್ಣಾ. ಮೂರು ದಿನ. ಮೂರನೇ ದಿನ ಹೆಂಡತಿ ಸೌಟಲ್ಲಿ ಹೊಡೆದ್ಲು, ನಾನು ತಿರುಗಿ ಬೈದೆ."

"ಕೋಳಿ..." ಅಂದ ಮಾನ್‌ಶಿಕ್. ಎಲ್ಲರೂ ಕಾದರು. "ಕೊಯ್ದೆ. ಅಳಿಯ ಬಂದಿದ್ದ."

"ನನ್ನ ತಂಗಿಗೆ ಹೆರಿಗೆ ಆಗಿತ್ತು, ಕಡಲಪಾಚಿ ಸಾರು ಕೊಟ್ಟು ಬಂದೆ," ಅಂದಳು ಮಾಲ್ಸುನ್. ಪಂದೊಲ್ ಚಿಲುಮೆ ಕೆಳಗಿಟ್ಟ. "ನೀನೂನಾ?" "ಸಾರು ಆರಿಹೋಗುತ್ತಲ್ಲಾಂದ್ರೆ!"

"ನಾನೂ ತಲೆ ಬಾಚ್ಕೊಂಡೆ," ಅಂದಳು ಒಕ್ಬುನ್. "ಅಲ್ಲೇ, ಬೆಂಕಿಬಾಯಿ ಮುಂದೆ. ನೀವು ಊಟಕ್ಕೆ ಹೋಗಿದ್ದಾಗ. ಕಾಗೆ ಹಾರಿದ್ದಕ್ಕೇ ಪೇರ್ ಹಣ್ಣು ಉದುರೋದಾದ್ರೆ, ಈ ಸಲ ಇಡೀ ಊರಿನ ಕಾಗೆ ಹಾರಿದೆ ಭಾವ. ಹಣ್ಣು ಮಾತ್ರ ಮರದಲ್ಲೇ ಇದೆ."

ಪಂದೊಲ್ ಸುಲಭಕ್ಕೆ ಸೋಲುವ ಆಸಾಮಿಯಲ್ಲ. "ಇವೆಲ್ಲ ಚಿಲ್ಲರೆ ತಪ್ಪು. ಬೆಂಕಿ ದೇವರು ಇಂಥವನ್ನ ಲೆಕ್ಕಕ್ಕೇ ತಗೊಳಲ್ಲ."

"ವಸಂತದಲ್ಲಿ ಬಾಚಣಿಗೆ ದೊಡ್ಡದಿತ್ತು, ಈಗ ಚಿಲ್ಲರೆ ಆಯ್ತಾ?" ಒಕ್ಬುನ್ ನಿಟ್ಟುಸಿರಿಟ್ಟಳು. "ಹೋಗ್ಲಿ. ದೊಡ್ಡ ತಪ್ಪು ಯಾವುದೂ ಇಲ್ಲ ಅಂತೀರಾ? ನೀವು ಇಲ್ಲ ಅಂದ್ರೆ ಇಲ್ಲ. ನಾನು ನಾಳೆ ಗಂಟು ಕಟ್ತೀನಿ."

ಕೊಲ್ಲಿಯ ಅಲೆಗಳು ಕೂಡ ಎದ್ದಲ್ಲೇ ನಿಂತು ಕಿವಿಗೊಟ್ಟವು. ಪಂದೊಲನಿಗೆ ಆ ಸಾವಿನ ಮನೆಯ ಕೆಂಪು ಸಾರು ನೆನಪಾಯಿತು. ಇಲ್ಲ ಎಂದರೆ ಮುಗಿಯಿತು, ಕೇಳುವವರಿಲ್ಲ, ಕಂಡವರಿಲ್ಲ. ಆದರೆ ಎದುರಿಗೆ ಕೂತವಳ ಬೆರಳ ಸಂದಿಯ ಒಣ ಜೇಡಿಮಣ್ಣು ಕಾಣುತ್ತಿತ್ತು. ಆರು ತಿಂಗಳಿಂದ ಸುಡಲು ಜಾಗವಿಲ್ಲದಿದ್ದರೂ ಅವಳು ಗುಡಾಣ ಮಾಡುವುದನ್ನು ಬಿಟ್ಟಿರಲಿಲ್ಲ.

"ಸಾವಿನ ಮನೆಗೆ ಹೋಗಿದ್ದೆ," ಅಂದ ಪಂದೊಲ್. ಅವನ ಬದುಕಿನಲ್ಲೇ ಪಕ್ಕದ ಮನೆಗೆ ಕೇಳಿಸದಂತೆ ಆಡಿದ ಮೊದಲ ಮಾತು ಅದು. "ಹಿಂದಿನ ದಿನ. ಅಡ್ಡಬಿದ್ದು, ಉಂಡು ಬಂದೆ. ಅದೇ ಕೈಲಿ ಬೆಂಕಿ ಹಚ್ಚಿದೆ."

ಮಾನ್‌ಶಿಕ್ ಕೂಡ ತಕ್ಷಣ ಬಾಯಿ ತೆರೆದ, ಅಷ್ಟು ದೊಡ್ಡ ಸುದ್ದಿ. ಚಿಲ್ಗು ಮಾತ್ರ ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದ.

"ಅಂದ್ರೆ ಅಣ್ಣಾ... ನನ್ನ ಹನ್ನೊಂದು ಸಲ?"

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಗುಡಾಣ ಯಾಕೆ ಒಡೆಯುತ್ತದೆ ಎಂಬುದು ಪಂದೊಲನಿಗೆ ಗೊತ್ತಿರಲಿಲ್ಲ. ಆಶ್ಚರ್ಯವೆಂದರೆ, ಗೊತ್ತಿಲ್ಲ ಅಂದುಕೊಂಡ ಕೂಡಲೇ ಮೈ ಹಗುರವಾಯಿತು. ಗುಡಾಣದ ಮೇಲಿನಿಂದ ಅವನು ಎದ್ದದ್ದಲ್ಲ, ತೇಲಿದ್ದು.

ತೇಲಿದವನು ನೇರ ಆವಿಗೆಯ ಹಿಂದಿನ ಬೋಕಿಗುಡ್ಡೆಗೆ ಹೋದ. ಒಡೆದದ್ದನ್ನೆಲ್ಲ ಅಲ್ಲಿಗೆ ಎಸೆಯುವುದು. ತಪ್ಪಿತಸ್ಥ ಸಿಕ್ಕಮೇಲೆ ಒಡೆದ ಚೂರನ್ನು ತಿರುಗಿ ನೋಡುವವರಾರು? ಗುಡ್ಡೆ ಬೆಳೆದು ಬೆಳೆದು ಹಿಂದಿನ ಬೆಟ್ಟಕ್ಕೇ ನೆರಳು ಕೊಡುತ್ತಿತ್ತು. ಪ್ರತಿ ಮನೆಯವರೂ ಸುಡುವ ಮೊದಲು ಹೊಳಪಿಗೆಂದು ಬಳಿದ ಹಸಿ ಬೂದಿನೀರಿನ ಮೇಲೆ ಬೆರಳಲ್ಲಿ ತಮ್ಮ ಗುರುತು ಎಳೆಯುತ್ತಿದ್ದರು: ಪಂದೊಲನದು ಹುಲ್ಲಿನ ಗರಿ, ಚಿಲ್ಗುನದು ಅಲೆ, ಮಾನ್‌ಶಿಕ್‌ನದು ಚಂದ್ರ, ಒಕ್ಬುನಳದು ಹಾರುವ ಬಾತು. ಮಧ್ಯಾಹ್ನವೆಲ್ಲ ಕೂತು ಬುಟ್ಟಿಗಳಿಗೆ ಬೇರೆ ಬೇರೆ ಆರಿಸಿದರು. ಬಾತು ಒಂದೇ ಬುಟ್ಟಿ, ಅದೂ ಗಂಡನ ಕಾಲದ್ದು, ಗರಿ ಎರಡು ಬುಟ್ಟಿ, ಚಂದ್ರ ಆರು ಬುಟ್ಟಿ, ಅಲೆ ಇಪ್ಪತ್ತಮೂರು ಬುಟ್ಟಿ.

"ನೋಡಿದ್ರಾ... ಚಿಲ್ಗುನ ಕೈಯೇ ಸರಿಯಿಲ್ಲ," ಅಂದ ಮಾನ್‌ಶಿಕ್.

'ನಾನು ಮೊದಲೇ ಹೇಳಿರಲಿಲ್ವಾ' ಎನ್ನಲು ಪಂದೊಲ್ ಬಾಯಿ ತೆರೆದ. ಆಮೇಲೆ ಮುಚ್ಚಿದ. ಮುಚ್ಚಿದ ಸದ್ದು ಬಂದರಿನವರೆಗೆ ಕೇಳಿಸಿತಂತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಊರಿಗೆಲ್ಲ ಹೇಳುತ್ತಿದ್ದವನು ಅವನೇ. ಹಳದಿ ಎಲ್ಲಿತ್ತೆಂದು ಈಗ ಗೊತ್ತಾಗಿತ್ತು. ವಸಂತದಲ್ಲಿ ಒಕ್ಬುನ್ ಕೇಳಿದ ಪ್ರಶ್ನೆಯನ್ನು ತಿರುಗಿಸಿ ತನಗೇ ಕೇಳಿಕೊಂಡ: ಚಿಲ್ಗುನ ಕೈ ಸರಿಯಿದೆ ಅಂತಾದರೆ ಏನು ಕಾಣಬೇಕು?

"ಚಿಲ್ಗು, ನೀನು ಯಾವಾಗಲೂ ಎಡಗಡೆ ಗೋಡೆ ಪಕ್ಕದಲ್ಲೇ ಇಡೋದಲ್ವಾ?"

"ನಮ್ಮಪ್ಪನ ಕಾಲದಿಂದ್ಲೂ ಅಣ್ಣಾ. ಮಾನ್‌ಶಿಕ್ ನನ್ನ ಪಕ್ಕ. ಒಕ್ಬುನಳದು ಮಧ್ಯ. ನಿಮ್ಮದು ಬಲಗಡೆ, ಮೇಲೆ."

"ಕೈಯೋ, ಜಾಗವೋ," ಅಂದಳು ಒಕ್ಬುನ್ ಮೆಲ್ಲಗೆ.

"ಬರೋ ವಸಂತಕ್ಕೆ ಅವನ ಜಾಗದಲ್ಲಿ ನನ್ನದು, ನನ್ನ ಜಾಗದಲ್ಲಿ ಅವನದು!" ಪಂದೊಲನ ಗಂಟಲು ಮರಳಿ ಬಂದಿತ್ತು. "ಒಕ್ಬುನ್, ನಿನ್ನದೂ ತಾ. ಎಷ್ಟಿದ್ರೂ ತಾ."

ವಸಂತ ಬಂತು. ಹಿಮ ಕರಗಿತು. ಆವಿಗೆ ಉರಿದು ತಣಿಯಿತು. ಬಾಗಿಲು ಒಡೆದಾಗ ಮೊದಲು ಒಳಗೆ ನುಗ್ಗಿದವನು ಪಂದೊಲ್. ಹೊರಗಿದ್ದವರಿಗೆ ಗುಡ್ಡ ಅದುರುವಂಥ ಕೂಗು ಕೇಳಿಸಿತು.

"ಒಡೆದಿದೆ! ನಂದು ಒಡೆದಿದೆ! ಐವತ್ತರಲ್ಲಿ ಮೂವತ್ತು!"

ಗಂಡು ಮಗು ಹುಟ್ಟಿತೆಂದು ಸಾರುವವನ ದನಿ ಅದು. ತನ್ನ ಒಡೆದ ಗುಡಾಣಗಳನ್ನು ಒಂದೊಂದಾಗಿ ಎತ್ತಿ ಊರಿಗೆಲ್ಲ ತೋರಿಸಿದ. "ನೋಡ್ರೋ ಬಿರುಕು! ಇಂಥ ಬಿರುಕು ಚಿಲ್ಗುಗೆ ಜನ್ಮದಲ್ಲಿ ಬಂದಿಲ್ಲ!" ಒಡೆದ ಗುಡಾಣದ ಬಗ್ಗೆ ಅಷ್ಟು ಜಂಬ ಕೊಚ್ಚಿದವನು ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಚಿಲ್ಗು ಬಲಗಡೆಯ ತನ್ನ ನಲವತ್ತೆಂಟು ಗುಡಾಣಗಳನ್ನು ಬಡಿದು ಬಡಿದು ನೋಡಿದ. ನಲವತ್ತೆಂಟೂ ಹಾಡಿದವು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹನ್ನೊಂದು ಸಲ ಹಿಡಿದುಕೊಂಡಿದ್ದ ಕಿವಿಯನ್ನು ಸುಮ್ಮನೆ ನೇವರಿಸಿಕೊಂಡ.

"ಒಂದ್ಕಡೆ ನೋಡಿ ಕುಣೀಬೇಡಿ ಭಾವ," ಅಂದಳು ಒಕ್ಬುನ್. "ಮಧ್ಯದ ಸಾಲಲ್ಲಿ ನನ್ನದೆಷ್ಟು ಒಡೆದಿದೆ, ಬಲಗಡೆ ಎಷ್ಟು, ಅದನ್ನೂ ನೋಡ್ಬೇಕು." ನೋಡಿದರು. ಅವಳದು ಒಡೆದದ್ದು ಎರಡು, ಎರಡೂ ಎಡಗಡೆಗೆ, ಪಂದೊಲನ ಸಾಲಿನತ್ತ ಇದ್ದವು. ಬಲಗಡೆ ಒಂದೂ ಇಲ್ಲ. ಎಡಗಡೆಯ ನೆಲ ಅಗೆದರು. ಮೊಣಕೈಯಾಳಕ್ಕೆ ಹೋಗುವಷ್ಟರಲ್ಲಿ ಗುದ್ದಲಿ ಪಚಕ್ ಅಂದಿತು. ಹಿಮ ಕರಗಿದ ನೀರು ಬೆಟ್ಟದಿಂದ ಸದ್ದಿಲ್ಲದೆ ಇಳಿದು, ಚಿಲ್ಗುನ ಅಪ್ಪನ ಕಾಲದಿಂದಲೂ ಅಲ್ಲೇ ಬೆಚ್ಚಗೆ ಕೂತು, ಬೆಂಕಿ ಬಿದ್ದಾಗಲೆಲ್ಲ ಹಬೆಯಾಗಿ ಗುಡಾಣಗಳ ತಳ ಸೀಳುತ್ತಿತ್ತು. ಒಣ ಬೇಸಿಗೆ ಕಳೆದ ಆ ಒಂದು ಶರತ್ಕಾಲದಲ್ಲಿ ಮಾತ್ರ ಅದು ಬತ್ತಿತ್ತು. ಎರಡು ದಿನದಲ್ಲಿ ಕಾಲುವೆ ತೋಡಿ ಅದನ್ನು ಕೊಲ್ಲಿಗೆ ಅಟ್ಟಿದರು. ಪಂದೊಲ್ ಹೇಳುವ ಪ್ರಕಾರ ಅಂದಿನಿಂದ ಸಮುದ್ರ ಒಂದು ಗೇಣು ಏರಿದೆ.

ಹಾಗೆ ಜೊಮ್ಮಾಲಿನಲ್ಲಿ ಹೊಸ ಪದ್ಧತಿ ಬಂತು. ಆವಿಗೆ ಚೆನ್ನಾಗಿ ಬಂದ ದಿನವೇ ವಿಚಾರಣೆ. ಹಂದಿತಲೆಯ ಮಾಂಸ, ಎಳೆ ಮೂಲಂಗಿಯ ಕಿಮ್ಚಿ, ಅಕ್ಕಿಹೆಂಡದ ನಡುವೆ ಪಂದೊಲ್ ಹುಬ್ಬು ಗಂಟಿಕ್ಕಿ ಗರ್ಜಿಸುವುದು, ಒಬ್ಬರಿಗಿಂತ ಒಬ್ಬರು ದೊಡ್ಡ ತಪ್ಪು ಒಪ್ಪಿಕೊಳ್ಳುವುದು. ಒಮ್ಮೆ ಚಿಲ್ಗು ಮಾಡದ ಜಗಳವನ್ನೂ ಮಾಡಿದೆನೆಂದು ಹೇಳಿ, ಮನೆಗೆ ಹೋದಮೇಲೆ ಆ ಸುಳ್ಳಿಗಾಗಿ ನಿಜವಾಗಿ ಸೌಟಿನೇಟು ತಿಂದ. ಒಕ್ಬುನ್ ಪ್ರತಿ ಸಲವೂ ಬೆಂಕಿಬಾಯಿಯ ಮುಂದೆ ಕೂತು ಎಲ್ಲರಿಗೂ ಕಾಣುವಂತೆ ತಲೆ ಬಾಚುತ್ತಿದ್ದಳು. ಕಾಲುವೆ ತೋಡಿದ ಮೇಲೆ ಮೂರು ಆವಿಗೆ, ಮೂರೂ ಬಂಗಾರ.

ನಾಲ್ಕನೆಯದಕ್ಕೆ ಬೆಂಕಿ ಹಚ್ಚುವ ಬೆಳಿಗ್ಗೆ ಪಂದೊಲ್ ಆವಿಗೆಯ ಸುತ್ತ ಮೂರು ಸಲ ಸುತ್ತಿದ. ಸೌದೆ ಸರಿಯಿದೆ, ಗಾಳಿ ಸರಿಯಿದೆ, ಒಕ್ಬುನಳ ತಲೆ ಮಾತ್ರ ಕಾಗೆಗೂಡಿನಂತೆ ಕೆದರಿದೆ.

"ಏನಮ್ಮ, ಇವತ್ತು ತಲೆ ಬಾಚಲ್ವಾ?"

"ಬಾಚಣಿಗೆ ಮನೇಲಿ ಮರೆತೆ ಭಾವ."

"ಮರೆತ್ಯಾ? ಹೋಗು, ತಗೊಂಬಾ! ಬೆಂಕಿ ಕಾಯುತ್ತೆ."

ಒಕ್ಬುನ್ ಸೌದೆ ಕೆಳಗಿಳಿಸಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಯಾಕೆ ಭಾವ?"

"ಯಾಕೆ ಅಂದ್ರೆ... ಮೂರು ಸಲ ಬಾಚಿದೀಯ, ಮೂರು ಸಲವೂ ಚೆನ್ನಾಗಿ..." ಅಲ್ಲಿಗೆ ಅವನ ಮಾತು ತಾನಾಗಿ ನಿಂತಿತು.

ಒಕ್ಬುನ್ ನಕ್ಕಳೆಂದರೆ ಹೇಗೆ ನಕ್ಕಳು! ಹೆಗಲ ಮೇಲಿನ ಬೂದಿಯೆಲ್ಲ ಉದುರಿ ನೆಲ ಬೆಳ್ಳಗಾಯಿತು. "ಹಂಗಾದ್ರೆ ಈ ಸಲ ಖಂಡಿತ ಬಾಚಲ್ಲ. ಏನಾಗುತ್ತೆ ನೋಡೇಬಿಡೋಣ."

"ನೋಡೋಣ," ಅಂದ ಪಂದೊಲ್ ಗಂಭೀರವಾಗಿ. ಬೆಂಕಿ ಹಚ್ಚಿದ. ಜ್ವಾಲೆ ಹದವಾಗಿ ಹಿಡಿಯಿತು, ಹೊಗೆ ನೆಟ್ಟಗೆ ಎದ್ದಿತು.

ಐದು ದಿನ ಕಳೆದು, ಆವಿಗೆ ತಣಿದು, ಗುಡಾಣಗಳೆಲ್ಲ ಕಂಚಿನಂತೆ ಹಾಡಿದ ಮೇಲೆ ವಿಚಾರಣೆ ಕೂತಿತು. ಪಂದೊಲ್ ಚಿಲುಮೆ ಹಚ್ಚಲೂ ಇಲ್ಲ, ಹುಬ್ಬು ಗಂಟಿಕ್ಕಲೂ ಇಲ್ಲ. ಯಾರೂ ಕೇಳುವ ಮೊದಲೇ ಕಿವಿ ಹಿಡಿದುಕೊಂಡ.

"ಬೆಂಕಿ ಹಚ್ಚಿದ ದಿನ," ಅಂದ, "ಆವಿಗೆ ಹಿಂದೆ ನಿಂತ್ಕೊಂಡು, ಮಾಲ್ಸುನಳ ಬಾಚಣಿಗೆಯಲ್ಲಿ... ನಾನು ಬಾಚ್ಕೊಂಡೆ."

ಎಲ್ಲರೂ ಅವನ ತಲೆ ನೋಡಿದರು. ಅಲ್ಲಿದ್ದದ್ದು ಐದೇ ಕೂದಲು. ಐದೂ ಅಚ್ಚುಕಟ್ಟಾಗಿದ್ದವು.